ಮೂರು ರಾಜರನ್ನು ಕೆಳಗಿಟ್ಟವನು

"ಎಲ್ಲಾ!"

ಅವಳ ಬಾಯಿಂದ ಆ ಮಾತು ಬಿದ್ದದ್ದೇ ತಡ, ಕ್ಲಬ್ಬಿನ ಹಾಲ್ ಗಪ್‌ಚುಪ್ಪಾಯಿತು. ತನ್ನ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ಮೇಜಿನ ನಡುವಿಗೆ ತಳ್ಳಿ, ಎದುರಿಗಿದ್ದವನ ಕಣ್ಣನ್ನೇ ನೋಡಿದಳು.

ಅಬ್ಬಾ, ಏನು ಕಣ್ಣು! ಮಿಟುಕಿಸುವುದನ್ನೂ ಮರೆತು ಅವಳನ್ನೇ ನೋಡುತ್ತಿತ್ತು...

ಅದು ವರ್ಷಕ್ಕೊಮ್ಮೆ ನಡೆಯುವ ಪೋಕರ್ ಪಂದ್ಯದ ಕೊನೆಯ ಆಟ. ಪಣಕ್ಕೆ ದುಡ್ಡಿಲ್ಲ, ಬರೀ ಒಂದು ಹಿತ್ತಾಳೆ ಕಪ್. ಆದರೆ ಆ ಕಪ್ಪಿನ ಮೇಲೆ ಇದುವರೆಗೆ ಒಬ್ಬ ಹೆಣ್ಣಿನ ಹೆಸರೂ ಕೆತ್ತಿರಲಿಲ್ಲ. "ಸ್ಟೇರಿಂಗ್ ಹಿಡಿದಷ್ಟು ಸುಲಭ ಅಲ್ಲಮ್ಮ, ಎಲೆ ಹಿಡಿಯೋದು!" ಎಂದು ಹೋದ ವರ್ಷ ಹಲ್ಲು ಕಿರಿದವರೆಲ್ಲ ಈಗ ಉಸಿರು ಬಿಗಿಹಿಡಿದು ನಿಂತಿದ್ದರು. ನಿಲ್ಲಲಿ ಬಿಡಿ, ಅವರಿಗೆ ಅದೇ ಆಗಬೇಕು!

ಊರಿಗೆಲ್ಲ ಅವಳು ಡ್ರೈವಿಂಗ್ ಮೇಡಂ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರು ತಡಬಡಿಸಿದಾಗೆಲ್ಲ ತನ್ನ ಕಾಲ ಬಳಿಯ ಇನ್ನೊಂದು ಬ್ರೇಕ್ ಒತ್ತುವುದೇ ಅವಳ ಕೆಲಸ. ಇಸ್ಪೀಟು ಕಲಿಸಿದ್ದು ಅಜ್ಜಿ. ಎದುರಿಗೆ ಕೂತವನು ಊರಿಗೆ ಹೊಸದಾಗಿ ಬಂದ ದನದ ಡಾಕ್ಟರು. ಇವತ್ತಿಗೆ ಮುಂಚೆ ಅವನ ಮುಖವನ್ನೂ ಅವಳು ಕಂಡಿರಲಿಲ್ಲ.

'ಗುರುತಿಲ್ಲದವನ ಮುಂದೆ ಆತುರ ಬೇಡ ಪುಟ್ಟಿ,' ಅನ್ನುತ್ತಿದ್ದಳು ಅಜ್ಜಿ. 'ಮೊದಲು ಅವನಿಗೆ ಎಲೆ ಬಿಡೋಕೆ ಬರುತ್ತಾ ನೋಡು. ಬಿಡೋಕೆ ಬರದವನ ಮುಂದೆ ಇಲ್ಲದ ಎಲೆ ಇದೆ ಅಂತ ಬ್ಲಫ್ ಮಾಡೋದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆಮೇಲೆ, ಅವನು ನಿನ್ನನ್ನ ನಂಬೋ ತನಕ ನಿಜಾನೇ ಆಡು.'

ಮಧ್ಯಾಹ್ನವೆಲ್ಲ ಅವಳು ಹಾಗೇ ಆಡಿದ್ದಳು. ದೊಡ್ಡದಾಗಿ ಬಿಲ್ಲೆ ಇಟ್ಟಾಗೆಲ್ಲ ಕೈಯಲ್ಲಿ ದೊಡ್ಡ ಎಲೆಯೇ ಇತ್ತು. ಪ್ರತಿ ಸಲವೂ ಅದನ್ನು ಮಗುಚಿ ತೋರಿಸಿದ್ದಳು. ಡಾಕ್ಟರು ಕೂಡ ಒಳ್ಳೆಯ ಎಲೆಯಿದ್ದರೂ, ಸೋಲುತ್ತೇನೆ ಅನ್ನಿಸಿದರೆ ಹಟ ಮಾಡದೆ ಬಿಟ್ಟುಬಿಡುತ್ತಿದ್ದ.

ಈಗ ಮೇಜಿನ ನಡುವೆ ಇಬ್ಬರಿಗೂ ಸೇರಿದ ಐದು ಎಲೆ ಬಿಚ್ಚಿ ಬಿದ್ದಿದ್ದವು. ಅದರಲ್ಲಿ ನಾಲ್ಕು ಆಟೀನ್. ಕೈಯಲ್ಲಿ ಇನ್ನೊಂದು ಆಟೀನ್ ಇದ್ದವರಿಗೆ ಐದೂ ಒಂದೇ ಜಾತಿಯದಾಗಿ ಆಟ ಗೆದ್ದಂತೆಯೇ. ಅವಳ ಕೈಯಲ್ಲಿ? ಒಂದು ಕಪ್ಪು ಏಳು, ಒಂದು ಕಪ್ಪು ಎಂಟು. ಸೊನ್ನೆ!

'ಇದೇ ಹೊತ್ತು... ಈಗಲ್ಲದಿದ್ದರೆ ಇನ್ನೆಂದೂ ಇಲ್ಲ!'

ಮುಖ ಕಲ್ಲಾಗಿತ್ತು. ಆದರೆ ನೆಲದವರೆಗೆ ಇಳಿಬಿದ್ದ ಮೇಜಿನ ಬಟ್ಟೆಯ ಹಿಂದೆ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ.

ಡಾಕ್ಟರು ನಿಟ್ಟುಸಿರು ಬಿಟ್ಟ. ಎಲೆಗಳನ್ನು ಬೋರಲಾಗಿ ಕೆಳಗಿಟ್ಟ.

"ನಿಮ್ದೇ ಮೇಡಂ."

ಅವಳು ತನ್ನ ಏಳು, ಎಂಟನ್ನು ಮಗುಚಿದಳು. ಹಾಲ್‌ಗೆ ಹಾಲೇ ಹೋ ಎಂದಿತು! ಅವನು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಜೋರಾಗಿ ನಕ್ಕು, ಎದ್ದು ನಿಂತು ಚಪ್ಪಾಳೆ ತಟ್ಟಿದ. ಆ ನಗುವಿಗೆ ಅವಳ ಎದೆ ಢವಢವ ಎಂದಿತು. ಕಪ್ ಎದೆಗವುಚಿ ತಲೆಯೆತ್ತಿ ನಡೆದಳು. ಹಿಂದೆಂದೂ ಅವಳು ಅಷ್ಟು ಎತ್ತರವಾಗಿರಲಿಲ್ಲ.

ಆ ಹೆಮ್ಮೆ ಮನೆ ಬಾಗಿಲವರೆಗೆ ಮಾತ್ರ.

"ತುಂಬಾ ಉಬ್ಬಬೇಡ್ವೇ," ಎಂದ ಅವಳಣ್ಣ. ಪಂದ್ಯದಲ್ಲಿ ನೀರು ಕೊಡುತ್ತಾ ಡಾಕ್ಟರ ಬೆನ್ನ ಹಿಂದೆಯೇ ಓಡಾಡಿದ್ದವನು. "ಅವನು ಎಲೆ ಎತ್ತಿ ನೋಡುವಾಗ ನಾನೂ ನೋಡ್ದೆ. ಕೈಯಲ್ಲಿ ಎರಡು ರಾಜ, ಮೇಜಿನ ನಡುವೆ ಬಿಚ್ಚಿದ್ದರಲ್ಲಿ ಒಂದು ರಾಜ. ಮೂರು ರಾಜನ್ನ ಯಾವ ಹುಚ್ಚ ಬಿಡ್ತಾನೆ ಹೇಳು? ನಿನ್ನ ಮುಖ ನೋಡಿ, ಪಾಪ ಅಂತ ಬಿಟ್ಟಿದಾನೆ!"

ಎದೆಗವುಚಿದ್ದ ಕಪ್ಪನ್ನು ಅವಳು ಕೆಳಗಿಳಿಸಿದಳು. ಹಾಗಾದರೆ ಆ ನಗು? ಆ ಚಪ್ಪಾಳೆ? ಎಲ್ಲಾ... ಅನುಕಂಪವೇ?

ಮರುದಿನ ಬೆಳಗ್ಗೆಯೇ ಅವನ ದವಾಖಾನೆಗೆ ನುಗ್ಗಿದಳು. ಔಷಧಿ ವಾಸನೆಯ ಚಿಕ್ಕ ಕೋಣೆ. ಮೇಜಿನ ಕೆಳಗೆ ಕಿವಿಗೆ ಪಟ್ಟಿ ಕಟ್ಟಿಸಿಕೊಂಡ ಒಂದು ಮುದಿ ನಾಯಿ ಮಲಗಿತ್ತು. ಕಪ್ಪನ್ನು ಟಣ್ ಎಂದು ಮೇಜಿನ ಮೇಲೆ ಕುಕ್ಕಿದಳು.

"ತಗೊಳ್ಳಿ ಡಾಕ್ಟ್ರೇ. ನಂಗೆ ಭಿಕ್ಷೆ ಬೇಡ!"

"ಭಿಕ್ಷೆನಾ?!"

"ಮೂರು ರಾಜ ಇತ್ತಂತೆ ನಿಮ್ಮ ಹತ್ರ. ಇತ್ತಾ, ಇಲ್ವಾ?"

"ಇತ್ತು. ಆದ್ರೆ..."

"ಸಾಕು! ಹೆಣ್ಣು ಅಂತ ಬಿಟ್ಕೊಟ್ರಿ ಅಲ್ವಾ?"

ಅವನ ಮುಖ ಕೆಂಪಾಯಿತು. "ರೀ ಮೇಡಂ, ಮರ್ಯಾದೆ ನಿಮಗೊಬ್ರಿಗೇನಾ ಇರೋದು? ನಂಗಿಲ್ವಾ? ಮಧ್ಯಾಹ್ನವೆಲ್ಲ ನಿಜಾನೇ ಆಡಿದೋರು, ನಾಲ್ಕು ಆಟೀನ್ ಬಿದ್ದಾಗ ಎಲ್ಲಾ ಅಂದ್ರಿ. ನಂಬಿದೆ! ಮೂರು ರಾಜನ್ನ ಹಿಡ್ಕೊಂಡೂ ಮಂಗ ಆದೆ! ರಾತ್ರಿ ನಿದ್ದೇನೇ ಬರ್ಲಿಲ್ಲ ನಂಗೆ. ಈಗ ಬಂದು, ನಾನು ಸೋತಿದ್ದೂ ಸುಳ್ಳು ಅಂತೀರಲ್ಲ!"

"ಬಾಯಲ್ಲಿ ಏನು ಬೇಕಾದ್ರೂ ಹೇಳಬಹುದು."

"ಹಾಗಾದ್ರೆ ಕೂತ್ಕೊಳ್ಳಿ. ಎಲೆ ಇದೆಯಾ?"

ಅಜ್ಜಿಯ ಇಸ್ಪೀಟು ಕಟ್ಟು ಅವಳ ಚೀಲದಲ್ಲಿ ಯಾವಾಗಲೂ ಇರುತ್ತದೆ. ಬಿಲ್ಲೆಗಳ ಬದಲು ನಾಯಿ ಬಿಸ್ಕತ್ತು ಹಂಚಿಕೊಂಡರು. ನಾಯಿ ತೆವಳಿ ಬಂದು ಅವಳ ಬಲಪಾದದ ಮೇಲೆ ಗದ್ದವಿಟ್ಟು ಮಲಗಿತು.

ಮೊದಲ ಆಟಗಳಲ್ಲಿ ಅವಳಿಗೆ ಒಳ್ಳೆಯ ಎಲೆ ಬಂದವು, ಗೆದ್ದಳು. ಆಮೇಲೊಂದು ಆಟದಲ್ಲಿ ನಡುವೆ ಎರಡು ರಾಣಿ ಬಿದ್ದವು. ಅವಳ ಕೈಯಲ್ಲಿ ಏನೂ ಇರಲಿಲ್ಲ.

'ನನ್ನ ಹತ್ರ ಮೂರನೇ ರಾಣಿ ಇದೆ ಅಂತ ನಂಬ್ತಾನಾ? ಇಲ್ಲಾ, ಪಾಪ ಅಂತ ಮತ್ತೆ ಬಿಡ್ತಾನಾ?'

"ಎಲ್ಲಾ!" ಬಿಸ್ಕತ್ತಿನ ಗುಡ್ಡೆಯನ್ನು ತಳ್ಳಿದಳು.

ಅವನು ಅವಳ ಮುಖ ನೋಡಿದ. ಮೇಜಿನ ಕೆಳಗೊಮ್ಮೆ ಬಗ್ಗಿದ. ಆಮೇಲೆ ತನ್ನ ಬಿಸ್ಕತ್ತನ್ನೆಲ್ಲ ತಳ್ಳಿದ.

"ತೋರ್ಸಿ ಮೇಡಂ."

ಅವನ ಕೈಯಲ್ಲಿದ್ದದ್ದು ಬರೀ ಒಂದು ಜೊತೆ ಐದು! ಅಷ್ಟರಿಂದಲೇ ಅವಳನ್ನು ತೊಳೆದುಹಾಕಿದ್ದ. ಒಂದು ಬಿಸ್ಕತ್ತನ್ನೂ ಉಳಿಸಲಿಲ್ಲ.

ಅವಳು ಸೋತಿದ್ದಳು. ಸೋತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು! ಇವನು ಬಿಟ್ಟುಕೊಡುವವನಲ್ಲ. ನಿನ್ನೆಯ ಗೆಲುವು ಅವಳದೇ, ಅಪ್ಪಟ ಅವಳದೇ!

"ಹೇಗೆ ಗೊತ್ತಾಯ್ತು?"

"ನಿಮ್ಮ ಮುಖ ಓದೋಕೆ ಇವತ್ತೂ ಆಗ್ಲಿಲ್ಲ. ಆದ್ರೆ ನೀವು ನಿಜ ಆಡುವಾಗ ಇವನು ಆರಾಮಾಗಿ ಮಲಗಿದ್ದ. ಈಗ ಎಲ್ಲಾ ಅಂದ್ರಲ್ಲ, ತಲೆ ಎತ್ತಿಬಿಟ್ಟ. ನಿಮ್ಮ ಕಾಲು ಬ್ರೇಕ್ ಒತ್ತುತ್ತೆ ಮೇಡಂ! ನಿನ್ನೆ ಮೇಜಿಗೆ ಬಟ್ಟೆ ಇತ್ತು, ನಾಯಿ ಇರ್ಲಿಲ್ಲ. ಅದಕ್ಕೇ ಕೆಟ್ಟೆ."

ಅವಳು ಕಪ್ಪನ್ನು ಮತ್ತೆ ತನ್ನೆಡೆಗೆ ಎಳೆದುಕೊಂಡಳು. "ಇದು ನಂದು."

"ನಿಮ್ದೇ. ಅದರ ಮೇಲೆ ನಿಮ್ಮ ಹೆಸರು ಕೆತ್ತೋದನ್ನ ಎದುರಿಗೆ ನಿಂತು ನೋಡ್ತೀನಿ. ನನ್ನನ್ನ ಸೋಲಿಸಿದೋರು ಅಂತ ಊರೆಲ್ಲ ಹೇಳ್ತೀನಿ." ಅವನ ದನಿ ಮೆತ್ತಗಾಯಿತು. "ನಾಳೆ... ಬರ್ತೀರಾ?"

"ಯಾಕೆ? ನಿಮ್ಮನ್ನ ನೋಡೋಕಾ? ನಂಗೆ ಬೇರೆ ಕೆಲ್ಸ ಇಲ್ವಾ? ನಿಮ್ಮ ಮೇಲೆ ನಂಗೆ ಅಂಥದ್ದೇನೂ ಇಲ್ಲಪ್ಪ!"

ನಾಯಿ ತಲೆ ಎತ್ತಿತು.

ಇಬ್ಬರೂ ನಾಯಿಯನ್ನು ನೋಡಿದರು. ಅವಳ ಕಿವಿಯ ತುದಿಯವರೆಗೆ ಕೆಂಪೇರಿತು. 'ಥೂ, ಹಾಳಾದ ಕಾಲೇ!'

ಅವನು ನಗಲಿಲ್ಲ. "ಸರಿ, ನನ್ನ ಎಲೆ ನಾನೇ ಮೊದಲು ತೋರಿಸ್ತೀನಿ. ನೀವಂದ್ರೆ ನಂಗಿಷ್ಟ. ಆ ಏಳು, ಎಂಟು ಮಗುಚಿದ್ರಲ್ಲ, ಆಗ್ಲೇ."

ಅವಳು ಮೇಜಿನ ಮೇಲಿನ ಎಲೆಗಳನ್ನೆಲ್ಲ ಒಟ್ಟುಮಾಡಿ ಕಟ್ಟಿಗೆ ಸೇರಿಸಿದಳು. ಆಮೇಲೆ ತಲೆಯೆತ್ತಿ, "ಒಂದು ಷರತ್ತು. ನನ್ನ ಮುಂದೆ ಯಾವತ್ತೂ ಬೇಕಂತ ಸೋಲಬಾರದು," ಎಂದಳು.

"ಬೇಕಂತ ಯಾಕೆ ಸೋಲ್ಬೇಕು? ನೀನು ಹೇಗೂ ಸೋಲಿಸ್ತೀಯಲ್ಲ!"

ನೀನು... ಆ ಒಂದು ಮಾತಿಗೆ ಅವಳ ಕಣ್ಣು ತುಂಬಿತು.

"ನಂಗೂ ನೀನಂದ್ರೆ ಇಷ್ಟ," ಎಂದಳು.

ಅವನು ಮೇಜಿನ ಕೆಳಗೆ ಬಗ್ಗಿ ನೋಡಿದ.

ನಾಯಿ ಅವಳ ಪಾದದ ಮೇಲೆ ನಿದ್ದೆ ಹೋಗಿತ್ತು.