ದೊಡ್ಡಮ್ಮನ ಶ್ರುತಿ

"ಹಲ್ಲು ನೋವಾ, ಟೀಚರ್?"

ಕಿವಿಯ ಪಕ್ಕದಲ್ಲೇ ಬಂದ ಪ್ರಶ್ನೆಗೆ ಅವಳು ಬೆಚ್ಚಿ ತಿರುಗಿದಳು. ಪಕ್ಕದಲ್ಲಿ ಕೂತಿದ್ದವನ ಅಂಗಿಯ ತೋಳಿಗೆ ಮರದ ಪುಡಿ ಮೆತ್ತಿಕೊಂಡಿತ್ತು, ಕಣ್ಣಲ್ಲಿ ತುಂಟತನ. ತಾನು ಅಷ್ಟು ಹೊತ್ತೂ ಮುಖ ಸಿಂಡರಿಸಿಕೊಂಡೇ ಕೂತಿದ್ದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. ನಾಚಿಕೆಯಿಂದ ಕೆನ್ನೆ ಬಿಸಿಯಾಯಿತು.

ನೋವು ಹಲ್ಲಿಗಲ್ಲ, ಕಿವಿಗೆ. ನೂರು ಜನ ಒಟ್ಟಿಗೆ ದೇವರನ್ನು ಸ್ತುತಿಸುತ್ತಿದ್ದರು. ಒಂದು ವಾದ್ಯವಿಲ್ಲ. ಹಾಡು ಎತ್ತಿಕೊಂಡ ಮುಂದಿನ ಸಾಲಿನ ಮುದುಕಿಯ ಶ್ರುತಿ ಜಾರುತ್ತಾ ಜಾರುತ್ತಾ ಪಾತಾಳಕ್ಕಿಳಿದರೆ, ಆ ನೂರು ಜನವೂ ಅವರ ಹಿಂದೆಯೇ ಇಳಿಯುತ್ತಿದ್ದರು!

ಪಾಪ, ನಮ್ಮ ಟೀಚರಮ್ಮ ಹುಟ್ಟಿ ಬೆಳೆದ ಚರ್ಚೇ ಬೇರೆ. ಅಲ್ಲಿ ಆರ್ಗನ್ ಇತ್ತು, ನಾಲ್ಕು ಸಾಲು ಗಾಯಕರಿದ್ದರು, ಗಡಿಯಾರ ನೋಡಿಕೊಂಡು ಒಂದು ಗಂಟೆಯೊಳಗೆ ಆರಾಧನೆ ಮುಗಿಯುತ್ತಿತ್ತು. ಇಲ್ಲಿ ಮೂರು ಗಂಟೆ ಕಳೆದರೂ ಯಾರೂ ಏಳುವ ಲಕ್ಷಣವಿಲ್ಲ. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ, ನಡುವೆ ಜೋರಾಗಿ ಅಳುತ್ತಾರೆ, ಅತ್ತು ಕಣ್ಣೊರೆಸಿಕೊಂಡು ಪಕ್ಕದವರ ಜೊತೆ ನಗುತ್ತಾರೆ. ಈ ಸಭೆಗೆ ಸಂಗೀತ ಕಲಿಸಲೆಂದು ಎರಡು ವರ್ಷದ ಮಿಷನ್ ಸೇವೆಗೆ ಬಂದವಳು ಮೊದಲ ಭಾನುವಾರವೇ ದಂಗಾಗಿ ಕೂತಿದ್ದಳು.

ಪಕ್ಕದವನು ಬಡಗಿ. ಅವಳ ದೇಶದಲ್ಲಿ ಏಳು ವರ್ಷ ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ದುಡಿದು ಭಾಷೆ ಕಲಿತಿದ್ದ. ಅದಕ್ಕೇ ಪಾಸ್ಟರ್ ಅವನನ್ನು ಅವಳಿಗೆ ದುಭಾಷಿಯಾಗಿ ಕೊಟ್ಟಿದ್ದರು. ಹಾಡು ಎತ್ತಿದ ಮುದುಕಿ ಯಾರೆಂದು ಕೇಳಿದ್ದಕ್ಕೆ, ಸಭೆಗೆಲ್ಲ ದೊಡ್ಡಮ್ಮ, ತನಗೆ ಮಾತ್ರ ಅಮ್ಮ ಎಂದ.

"ಅವರ ಶ್ರುತಿ ಜಾರುತ್ತೆ," ಅಂದಳು ಮೆಲ್ಲಗೆ.

"ಹೂಂ. ನಾವೂ ಜೊತೆಗೆ ಜಾರ್ತೀವಿ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಅವಳು ನಕ್ಕುಬಿಟ್ಟಳು. ಯಾಕೆ ಎಂದು ಒಂದೇ ಒಂದು ಮಾತು ಕೇಳಿದ್ದರೆ... ಕೇಳಲಿಲ್ಲ.

ಕೀಬೋರ್ಡು ಬಂತು. ಸಂಜೆ ಹಾಡುವ ತಂಡದ ಅಭ್ಯಾಸ ಶುರುವಾಯಿತು. ಅವಳು ಹೇಳುವುದು, ಅವನು ತಿಳಿಸುವುದು. ಅವರು ತಪ್ಪುವುದು, ಇವಳು ತಲೆ ಚಚ್ಚಿಕೊಳ್ಳುವುದು. ಅವಳ ಕೋಣೆಯ ಕಿಟಕಿಯ ಚಿಲಕ ಒಂದು ಸಲ ಕೆಟ್ಟಿತು, ಬಡಗಿ ಮೂರು ಸಲ ಬಂದು ರಿಪೇರಿ ಮಾಡಿದ! ಕೊನೆಯ ಸಲ ಅವನು ಬರೀ ಚಿಲಕ ಮುಟ್ಟಿ ನೋಡಿ ಹೋದದ್ದು ಅವಳಿಗೂ ಗೊತ್ತು. ಅವನು ಬಾರದ ದಿನ ಅಭ್ಯಾಸವೇ ಸಪ್ಪೆ ಎನಿಸುತ್ತಿತ್ತು. ಇದೇನಾಗ್ತಿದೆ ನಂಗೆ, ಸೇವೆಗೆ ಬಂದವಳು ನಾನು, ಎಂದು ಒಬ್ಬಳೇ ಗೊಣಗಿಕೊಳ್ಳುತ್ತಿದ್ದಳು.

ದೊಡ್ಡಮ್ಮನಿಗೆ ಇವಳೆಂದರೆ ಪ್ರಾಣ. ಕಂಡಾಗಲೆಲ್ಲ ಗಲ್ಲ ಹಿಡಿದು ಏನೋ ಹೇಳುವರು, ಮಗ ಕೆಂಪಾಗಿ ತಿಳಿಸದೆ ತಪ್ಪಿಸಿಕೊಳ್ಳುವನು.

ಎಂಟನೇ ತಿಂಗಳಿಗೆ ಅವಳ ಚರ್ಚಿನ ಹಿರಿಯರು ಸೇವೆ ನೋಡಲು ಬರುತ್ತೇವೆಂದು ಬರೆದರು. ಅವಳ ನಿದ್ದೆ ಹಾರಿಹೋಯಿತು. ತಂಡವೇನೋ ಹದಕ್ಕೆ ಬಂದಿತ್ತು, ಆದರೆ ದೊಡ್ಡಮ್ಮ ಬಾಯಿ ತೆರೆದರೆ ಸಾಕು, ಎಲ್ಲರೂ ಕೀಬೋರ್ಡು ಬಿಟ್ಟು ಅವರ ಹಿಂದೆ ಓಡುತ್ತಿದ್ದರು.

"ದೊಡ್ಡಮ್ಮನಿಗೆ ಹೇಳಿ... ಅವತ್ತು ಒಂದಿನ ಹಾಡೋದು ಬೇಡ, ಸುಮ್ನೆ ಕೂತು ಕೇಳ್ಲಿ. ಬೇಜಾರಾಗದ ಹಾಗೆ ಹೇಳ್ತೀರಲ್ಲ?"

ಅವನು ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ, ಹೇಳ್ತೀನಿ ಎಂದ.

ಹಿರಿಯರು ಬಂದರು, ಮೆಚ್ಚಿದರು, ಬೆನ್ನು ತಟ್ಟಿ ಹೋದರು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಭಾನುವಾರದ ಮೇಲೆ ದೊಡ್ಡಮ್ಮ ಮತ್ತೆ ಹಾಡಲಿಲ್ಲ. ಅದೇ ಸಾಲಿನಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಇವಳನ್ನು ನೋಡಿ ನಗುತ್ತಿದ್ದರು. ವಯಸ್ಸಾಯಿತಲ್ಲ, ಆರಾಮಾಗಿರಲಿ ಅಂದುಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೂ ಅದೇ ಅನುಕೂಲವಾಗಿತ್ತು.

ಅದಾದ ನಾಲ್ಕು ತಿಂಗಳಿಗೆ ದೊಡ್ಡಮ್ಮನಿಗೆ ಎದೆಯಲ್ಲಿ ಕಫ ಕಟ್ಟಿತು. ಒಂಬತ್ತನೇ ದಿನ ತೀರಿಕೊಂಡರು.

ಮಣ್ಣು ಮಾಡುವ ಹೊತ್ತಿಗೆ ಸಭೆಯೆಲ್ಲ ನೆರೆದಿತ್ತು. ಎಲ್ಲರೂ ಬಡಗಿಯ ಮುಖ ನೋಡುತ್ತಾ ಕಾದರು. ಅವನು ಬಾಯಿ ತೆರೆದ... ದನಿ ಹೊರಡಲಿಲ್ಲ. ಮತ್ತೆ ತೆರೆದ. ಇಲ್ಲ. ಒಂದು ಹಾಡಿಲ್ಲದೆ ದೊಡ್ಡಮ್ಮನ ಪೆಟ್ಟಿಗೆಯನ್ನು ಗುಂಡಿಗಿಳಿಸಿದರು.

ಯಾಕೆ ಯಾರೂ ಹಾಡಲಿಲ್ಲ ಎಂದು ವಾಪಸು ಬರುವ ದಾರಿಯಲ್ಲಿ ಪಾಸ್ಟರನ್ನು ಕೇಳಿದಳು. ಅಷ್ಟು ಹೊತ್ತಿಗೆ ಅವಳಿಗೂ ಆ ಭಾಷೆ ತಕ್ಕಮಟ್ಟಿಗೆ ಬರುತ್ತಿತ್ತು. ಈ ಸಭೆಯಲ್ಲಿ ಯಾರ ಎದೆ ಹೆಚ್ಚು ಭಾರವಾಗಿದೆಯೋ ಅವರೇ ಹಾಡು ಎತ್ತಬೇಕು, ಅದು ಇಲ್ಲಿನ ರೂಢಿ ಎಂದರು ಪಾಸ್ಟರ್. ಅವರ ದನಿ ಎಲ್ಲಿಗೆ ಬಿದ್ದರೂ ಉಳಿದವರು ಅಲ್ಲಿಗೇ ಇಳಿಯಬೇಕು. ದುಃಖದಲ್ಲಿರುವವರನ್ನು ಒಂಟಿಯಾಗಿ ಹಾಡಲು ಬಿಡಬಾರದು. ದೊಡ್ಡಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಮಣ್ಣಿಗಿಟ್ಟವರು, ಅದಕ್ಕೇ ಇಷ್ಟು ವರ್ಷ ಅವರೇ ಎತ್ತುತ್ತಿದ್ದರು.

ಅವಳು ದಾರಿಯಲ್ಲೇ ನಿಂತುಬಿಟ್ಟಳು. ಅಯ್ಯೋ ದೇವರೇ... ನಾನು ತಿದ್ದಿದ್ದು ಏನನ್ನು!

ಅಂದಿನಿಂದ ಬಡಗಿ ಇತ್ತ ಸುಳಿಯಲಿಲ್ಲ. ದುಭಾಷಿಯ ಕೆಲಸವನ್ನೂ ಬಿಟ್ಟ. ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಅಮ್ಮನ ಬಾಯಿ ಮುಚ್ಚಿಸಿದವಳ ಮುಖ ಯಾರು ತಾನೇ ನೋಡುತ್ತಾರೆ? ಎರಡು ತಿಂಗಳು ಸಹಿಸಿದಳು. ಕೊನೆಗೆ, ಅವಧಿಗೆ ಮುಂಚೆಯೇ ಊರಿಗೆ ಹೋಗುತ್ತೇನೆಂದು ಪತ್ರ ಬರೆದಳು.

ಹೊರಡುವ ಹಿಂದಿನ ಮಧ್ಯಾಹ್ನ ಅವನು ಬಂದ. ಸಾಮಾನು ತುಂಬಲು ಮರದ ಪೆಟ್ಟಿಗೆ ಬೇಕೆಂದು ಪಾಸ್ಟರ್ ಹೇಳಿದ್ದರಂತೆ. ಪೆಟ್ಟಿಗೆ ಇಳಿಸಿ, ಬಾಗಿಲಲ್ಲೇ ನಿಂತ. ಎರಡೇ ತಿಂಗಳಲ್ಲಿ ಎಷ್ಟು ಇಳಿದುಹೋಗಿದ್ದಾನೆ!

"ಕ್ಷಮಿಸಿ ಅನ್ನೋಕೂ ನಂಗೆ ಮುಖ ಇಲ್ಲ," ಅಂದಳು. "ನಿಮ್ಮಮ್ಮನ ಹಾಡು ನಿಲ್ಲಿಸಿದವಳು ನಾನು."

"ನೀವಲ್ಲ." ಅವನು ತಲೆಯಾಡಿಸಿದ. "ನಿಮ್ಮ ಮಾತು ಅಮ್ಮನಿಗೆ ಅರ್ಥಾನೇ ಆಗ್ತಿರ್ಲಿಲ್ಲ, ಟೀಚರ್. ಅದನ್ನ ಅಮ್ಮನಿಗೆ ಹೇಳಿದ್ದು ನಾನು."

ಅವನು ತಡೆತಡೆದು ಎಲ್ಲವನ್ನೂ ಹೇಳಿದ. ಇದು ನಮ್ಮ ರೂಢಿ, ಹಾಗೆ ಹೇಳಬಾರದು ಎನ್ನುವ ಮಾತು ಅಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ವಾರ ಅವಳು ಎಷ್ಟು ಆಸೆಯಿಂದ ಓಡಾಡುತ್ತಿದ್ದಳು, ಆ ಮುಖ ಬಾಡುವುದನ್ನು ನೋಡುವ ಧೈರ್ಯ ಬರಲಿಲ್ಲ. ಅದಕ್ಕೇ ಅಮ್ಮನ ಹತ್ತಿರ ಹೋದ. ಅಮ್ಮ, ಆ ಹುಡುಗಿಗೋಸ್ಕರ ತಾನೆ, ಕೂತ್ಕೋತೀನಿ ಬಿಡು ಎಂದಿದ್ದರು.

"ಹಿರಿಯರು ಹೋದ ಮೇಲೆ ಅಮ್ಮ ಕೇಳಿದ್ರು, ಹುಡುಗಿ ನಕ್ಕಳಾ ಅಂತ. ನಕ್ಕಳು ಅಂದೆ. ಹಾಗಾದ್ರೆ ಇನ್ನು ನಾನು ಹಾಡಲ್ಲ ಅಂದ್ರು. ಹಾಡಮ್ಮ ಅಂತ ನಾನು ಅನ್ನಬೇಕಿತ್ತು... ಅನ್ನಲಿಲ್ಲ. ನೀವು ಖುಷಿಯಾಗಿದ್ರಿ, ನಂಗೆ ಅಷ್ಟೇ ಸಾಕಾಗಿತ್ತು. ಅಮ್ಮನ್ನ ಸುಮ್ಮನಿರಿಸಿದ ಬಾಯಲ್ಲಿ ಮಣ್ಣು ಮಾಡೋವಾಗ ಹಾಡು ಹೇಗೆ ಬರುತ್ತೆ ಹೇಳಿ?"

ಅವಳು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತಳು. ಅವನು ತನ್ನನ್ನು ದ್ವೇಷಿಸುತ್ತಿರಲಿಲ್ಲ, ನಾಚಿಕೆಪಡುತ್ತಿದ್ದ. ಮಗನ ಮನಸ್ಸು ಗೊತ್ತಿದ್ದೇ ಆ ಮುದುಕಿ ತಮ್ಮ ಹಾಡನ್ನು ಇಬ್ಬರಿಗೋಸ್ಕರ ಬಿಟ್ಟುಕೊಟ್ಟು ಹೋದರು. ಕ್ಷಮೆ ಕೇಳೋಣವೆಂದರೆ ಅವರೇ ಇಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು.

ಅವನೂ ಬಂದು ಎದುರಿಗೆ ನೆಲದ ಮೇಲೆ ಕೂತ.

"ಹೋಗಬೇಡಿ," ಅಂದ. "ಇದನ್ನ ಕೇಳೋ ಯೋಗ್ಯತೆ ನಂಗಿಲ್ಲ. ಆದ್ರೂ ಕೇಳ್ತಿದೀನಿ. ನೀವಂದ್ರೆ ನಂಗೆ ತುಂಬಾ ಇಷ್ಟ."

ಎಷ್ಟು ತಿಂಗಳಿಂದ ಕಾದಿದ್ದ ಮಾತು! ಬಂದದ್ದು ಎಂಥಾ ಹೊತ್ತಿನಲ್ಲಿ...

"ನಂಗೂ ನೀವಂದ್ರೆ ಇಷ್ಟಾನೇ," ಎಂದಳು ಅವಳು, ಕಣ್ಣೊರೆಸಿಕೊಳ್ಳದೆ. "ಆದ್ರೆ ನಿಮ್ಮನ್ನ ನೋಡಿದಾಗಲೆಲ್ಲ ದೊಡ್ಡಮ್ಮ ನೆನಪಾಗ್ತಾರೆ, ಅಳು ಬರುತ್ತೆ. ಬದುಕಿಡೀ ಬರುತ್ತೆ. ಇಂಥವಳನ್ನ ಕಟ್ಟಿಕೊಂಡು ಏನ್ಮಾಡ್ತೀರಿ?"

ಅವನು ಅವಳ ಎರಡೂ ಕೈಗಳನ್ನು ತನ್ನ ಒರಟು ಅಂಗೈಗಳಲ್ಲಿ ತೆಗೆದುಕೊಂಡ.

"ನಂಗೂ ಬರುತ್ತಲ್ಲ. ಬೇರೆ ಬೇರೆ ಕೂತು ಅಳೋ ಬದಲು, ಒಂದೇ ಮನೇಲಿ ಅಳೋಣ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.