ಕಿಟಕಿಕಟ್ಟೆಯ ಕೆಂಪು ಬಸ್ಸು

ಸಮುದ್ರಕ್ಕೆ ಇನ್ನೂ ಮನುಷ್ಯರ ಮಾತು ತಿಳಿಯುತ್ತಿದ್ದ ಕಾಲದಲ್ಲಿ, ಅಂಗೈಯಲ್ಲಿ ಬಸ್ಸು ಸಾಕುವ ರಾಜಕುಮಾರನೊಬ್ಬನಿದ್ದನಂತೆ. ಅಜ್ಜಿ ಹೇಳಿದ್ದರೆ ಕಥೆ ಹೀಗೇ ಶುರುವಾಗುತ್ತಿತ್ತು. ಆದರೆ ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ತುಂಬದ ಮುಂಬಯಿಯಲ್ಲಿ, ವಡಾಲದ ಚಾಳಿನಲ್ಲಿ ಸೇವಂತಿಯ ಮನೆಯ ಎದುರು ಸಾಲಿನ ಖೋಲಿಯಲ್ಲಿದ್ದವನು ಬಂದರಿನ ಗುಮಾಸ್ತ ಶಂಕ್ರೆಪ್ಪ. ಅವಳ ಕಣ್ಣಿಗೆ ಅವನು ರಾಜಕುಮಾರನಲ್ಲ, ಕಳ್ಳ.

ಭಾನುವಾರ ಬೆಳಿಗ್ಗೆ ಅವಳು ಗ್ಯಾಲರಿಗೆ ಬಟ್ಟೆ ಒಣಹಾಕಲು ಬಂದರೆ ಸಾಕು, ಆತ ಕಿಟಕಿಯ ಹಿಂದೆ ಮಂಡಿಯೂರಿ ಡಬ್ಬಿ ಕ್ಯಾಮೆರಾದ ಮೇಲೆ ಬಾಗುತ್ತಿದ್ದ. ದಿಟ್ಟಿಸಿ ನೋಡಿದರೆ ತಲೆ ಮಾಯ. ತನ್ನ ಫೋಟೋ ಮದುವೆಯಾಗದ ಗಂಡಸಿನ ಖೋಲಿಯಲ್ಲಿದೆಯೆಂದು ತಿಳಿದರೆ ಅಪ್ಪ ಮರುದಿನವೇ ಅವಳನ್ನು ಧಾರವಾಡದ ರೈಲು ಹತ್ತಿಸುತ್ತಿದ್ದ. ಸಾಲದ್ದಕ್ಕೆ, ಅಜ್ಜಿ ರಾಚವ್ವನ ಓದುವ ಕನ್ನಡಕ, ಆ ಚಾಳೀಸು ಕೂಡ ಅದೇ ಹೊತ್ತಿಗೆ ಅವನ ಖೋಲಿ ಸೇರುತ್ತಿತ್ತು.

"ಅವಗ್ಯಾಕ ಕೊಡ್ತಿ ಅಜ್ಜಿ?"

"ಏನೋ ಸಣ್ಣದು ನೋಡಬೇಕಂತ. ಕೊಟ್ರ ಸವದು ಹೋಗತೈತೇನ?"

ಸೇವಂತಿಗೆ ತಡೆಯಲಾಗಲಿಲ್ಲ. ಅಜ್ಜಿಯ ಕೈ ಹಿಡಿದು ನೇರ ಅವನ ಬಾಗಿಲಿಗೆ ನಡೆದಳು.

"ನನ್ನ ಫೋಟೋ ಎಲ್ಲಾ ತಗೀರಿ ಹೊರಗ!"

ಶಂಕ್ರೆಪ್ಪ ಕಿವಿಯವರೆಗೂ ಕೆಂಪಾದ. ಕಿಟಕಿಕಟ್ಟೆಯ ಮೇಲೆ ಕಡ್ಡಿಪೆಟ್ಟಿಗೆಯಷ್ಟೇ ಇದ್ದ ಕೆಂಪು ಡಬಲ್ ಡೆಕ್ಕರ್ ನಿಂತಿತ್ತು. ಹಡಗಿನವರಿಂದ ಕೊಂಡ ಇಂಥವೇ ಲಾರಿ, ಮೋಟಾರು, ಟ್ರಾಮು ಗೋಡೆಯ ಹಲಗೆ ತುಂಬ. ಅಜ್ಜಿಯ ಚಾಳೀಸನ್ನು ಕ್ಯಾಮೆರಾದ ಕಣ್ಣಿಗೆ ದಾರದಿಂದ ಕಟ್ಟಲಾಗಿತ್ತು.

"ಚಾಳೀಸು ಕಟ್ಟಲಿಲ್ಲಂದ್ರ ಇದಕ್ಕ ಹತ್ತಿರದ್ದು ಕಾಣಂಗಿಲ್ರೀ. ಬಸ್ಸು ಖರೇದ್ದರಂಗ ಕಾಣಬೇಕಂದ್ರ ಹಿಂದ ಚಾಳ ಬೇಕು."

"ನಾ ಬಂದಾಗನ ಯಾಕ ತಗೀತೀರಿ ಹಂಗಾರ?"

"ಖಾಲಿ ಚಾಳಿನ ಮುಂದ ಬಸ್ಸು ಯಾರ ಸಲವಾಗಿ ನಿಂದ್ರಬೇಕ್ರಿ?"

ಅವನು ಫೋಟೋಗಳನ್ನು ಮುಂದಿಟ್ಟ. ಬಸ್ಸು ನಿಜವಾದ ಬಸ್ಸಿನಂತೆ ಗತ್ತಿನಿಂದ ನಿಂತಿತ್ತು. ಅದರ ಹಿಂದೆ ದೂರದ್ದೆಲ್ಲ ಮಬ್ಬು, ಕೈಯೆತ್ತಿದ ಹೊಗೆಯಂಥ ಒಂದು ಆಕೃತಿ. ಕಣ್ಣಿಲ್ಲ, ಮೂಗಿಲ್ಲ.

ಸೇವಂತಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಯಾಕೋ ಸಿಟ್ಟೂ ಬಂತು. "ಇದು ನಾನಂತ ನಮ್ಮಪ್ಪಗೂ ಗುರ್ತ ಸಿಗಂಗಿಲ್ಲ."

"ನನಗ ಸಿಗತೈತ್ರಿ," ಎಂದ ಅವನು, ಬಸ್ಸಿನ ಗಾಲಿ ನೋಡುತ್ತ.

ಅಜ್ಜಿ ಕೆಮ್ಮಿದಳು. "ಮುಖಾ ಕಾಣೋವಂಗ ಯಾವಾಗ ತಗೀತಿಯಪಾ?"

"ಅವರಪ್ಪನ್ನ ಕೇಳಿದ ಮ್ಯಾಲೆ ತಗೀತೀನಿ ಅಜ್ಜಿ. ಮಾತು ಕೊಟ್ಟೆ."

"ಕಿಟಕಿ ಹಿಂದ ಅಡಗೋ ಮನಷ್ಯಾ ನೀವು. ಅಪ್ಪನ ಮುಂದ ನಿಂದ್ರತೀರೇನು?" ಎಂದು ಸೇವಂತಿ ಮೂಗು ಮುರಿದಳು.

ಮುಂದಿನ ಭಾನುವಾರ ಅವನ ಕಿಟಕಿ ಮುಚ್ಚಿಯೇ ಇತ್ತು. ಓಡಿಹೋದ, ಸುಳ್ಳುಗಾರ ಎಂದುಕೊಂಡು ಅವಳು ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಕೊಡವಿದಳು. ಸಂಜೆ ನೋಡಿದರೆ, ಊರಿನಿಂದ ಕರೆತಂದ ಸೋದರಮಾವನ ಜೊತೆ ಅವನು ಅಪ್ಪನೆದುರು ಕೂತಿದ್ದ. ಅಪ್ಪ ಊರು, ಮನೆತನ, ನೌಕರಿ ಎಲ್ಲ ಕೆದಕಿದ. ಅಜ್ಜಿಯ ಮುಖ ನೋಡಿದ. ಆಮೇಲೆ ಒಪ್ಪಿಗೆಯ ಸಕ್ಕರೆ ತರಿಸಿದ.

ಮರುದಿನ ಬೆಳಿಗ್ಗೆ ಸೇವಂತಿ ಗ್ಯಾಲರಿಯಲ್ಲಿ ಬರಿಗೈಯಲ್ಲಿ, ನೇರ ಮುಖ ಮಾಡಿ ನಿಂತಳು.

"ತಡೀರಿ, ಚಾಳೀಸು ಬಿಚ್ಚಾಕತ್ತೇನ್ರೀ," ಎಂದು ಶಂಕ್ರೆಪ್ಪ ಅತ್ತಲಿಂದ ಕೂಗಿದ.

"ನಿಧಾನ ತಗೀರಿ. ಇನ್ನ ನಾ ಎಲ್ಲೀಗೂ ಹೋಗಂಗಿಲ್ಲ."

ಅವನು ಉಸಿರು ಬಿಗಿಹಿಡಿದು ಫೋಟೋ ತೆಗೆದ.