ಕೊನೇ ಡಬ್ಬಿ ದಾಟುವ ತನಕ

"ನಿಲ್ರೀ! ಗಾಡಿ ಬಂತು!"

ಕಿಟಕಿಯ ಹತ್ತಿರ ನಿಂತಿದ್ದ ತುಂಗಾ ಕೂಗಿ ಕೈ ಮೇಲೆತ್ತಿದಳು.

ಅಣ್ಣ ಅನಿರುದ್ಧನ ಗಿಟಾರ್ ಗಪ್ಪಾಯಿತು. ನೌಶಾದನ ಗಿಟಾರೂ ಗಪ್ಪಾಯಿತು. ಪ್ರಫುಲ್ಲ ಡ್ರಮ್ಮಿನ ಕೋಲುಗಳನ್ನು ಗಾಳಿಯಲ್ಲೇ ಹಿಡಿದು ಕುಳಿತ. ಧಡಧಡ ಧಡಧಡ ಎಂದು ಮುಂಬೈ ಗಾಡಿ ಬಂದೇಬಿಟ್ಟಿತು. ಕಿಟಕಿಯ ಸರಳು ನಡುಗಿದವು, ಅಡಿಗೆಮನೆಯಲ್ಲಿ ತಾಟುಗಳು ಕುಣಿದವು.

ತುಂಗಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕೊನೇ ಡಬ್ಬಿಯ ಬಾಗಿಲಲ್ಲಿ ಗಾರ್ಡ್ ಕಾಕಾ ಹಸಿರು ಬಾವುಟ ಹಿಡಿದು ನಿಂತಿದ್ದರು. ಆ ಡಬ್ಬಿ ಆಚೆಯ ಬೇವಿನ ಮರ ದಾಟಿತೋ ಇಲ್ಲವೋ, ಅವಳು ಕೈಯನ್ನು ಸರಕ್ಕನೆ ಇಳಿಸಿದಳು.

ಢಣ್! ಮೂವರೂ ಒಟ್ಟಿಗೇ ಹಾಡನ್ನು ಎತ್ತಿಕೊಂಡರು.

ಅವರ ಮನೆ ಇದ್ದದ್ದು ನಾಗಪುರದ ಅಜನಿ ರೈಲ್ವೆ ಕ್ವಾರ್ಟರ್ಸಿನಲ್ಲಿ, ಹಳಿಯ ಪಕ್ಕದಲ್ಲೇ. ಅಪ್ಪ ರುದ್ರಪ್ಪ ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು. ಅನಿರುದ್ಧ ಕಾಲೇಜಿನಲ್ಲಿ ಇಬ್ಬರು ಗೆಳೆಯರನ್ನು ಕೂಡಿಸಿಕೊಂಡು ಬ್ಯಾಂಡ್ ಕಟ್ಟಿದ್ದ. ಬ್ಯಾಂಡಿನ ಹೆಸರು 'ಔಟರ್ ಸಿಗ್ನಲ್'. ಹೆಸರೇನೋ ಭಾರಿ, ಆದರೆ ಅವರಿಗೆ ಬಾರಿಸಲು ಜಾಗ ಕೊಡುವವರು ಯಾರು? ಕೊನೆಗೆ ಅವ್ವನೇ ಮನಸ್ಸು ಮಾಡಿ ಮುಂದಿನ ಕೋಣೆ ಬಿಟ್ಟುಕೊಟ್ಟಳು, ಬೈಯುತ್ತಲೇ.

ಅವರು ಬಾರಿಸಲು ಕೂರುವ ಹೊತ್ತಿಗೂ ಮುಂಬೈ ಗಾಡಿಯ ಹೊತ್ತಿಗೂ ಏನು ನಂಟೋ ಏನೋ! ಮೊದಲ ಹಾಡಿನ ಎರಡನೇ ಚರಣ ಮುಗಿಯುವಷ್ಟರಲ್ಲಿ ಗಾಡಿ ಹಾಜರ್. ಆ ಗದ್ದಲದಲ್ಲಿ ಒಬ್ಬರದು ಒಬ್ಬರಿಗೆ ಕೇಳುತ್ತಿರಲಿಲ್ಲ. ಗಾಡಿ ಹೋದಮೇಲೆ ಒಬ್ಬ ಮೊದಲು, ಇನ್ನೊಬ್ಬ ಆಮೇಲೆ ಶುರು ಮಾಡಿ ಎಲ್ಲ ಕಲಸುಮೇಲೋಗರ ಆಗುತ್ತಿತ್ತು. ಅದಕ್ಕೇ ತುಂಗಾಳಿಗೆ ಈ ಕೆಲಸ ಬಂದಿತ್ತು. ಅವಳ ಕೈ ಇಳಿಯುವ ತನಕ ಯಾರೂ ತಂತಿ ಮುಟ್ಟುವ ಹಾಗಿಲ್ಲ.

"ನಾನೂ ಬ್ಯಾಂಡಿನ್ಯಾಗ ಅದೀನಿ" ಎಂದು ಅವಳು ಐದನೇ ಕ್ಲಾಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

ಕಾಲೇಜುಗಳ ಬ್ಯಾಂಡ್ ಕಾಂಪಿಟಿಷನ್ ಬಂತು. ಗೆದ್ದವರಿಗೆ ಮುಂಬೈಯ ಸ್ಟುಡಿಯೋದಲ್ಲಿ ಹಾಡು ರೆಕಾರ್ಡ್ ಮಾಡುವ ಅವಕಾಶ. ಹಿಂದಿನ ದಿನ ತುಂಗಾ ಅಣ್ಣನ ಬೆನ್ನು ಬಿಡಲಿಲ್ಲ.

"ಅಣ್ಣಾ, ನಾಳೆ ನಾನೂ ಸ್ಟೇಜಿನ ಮ್ಯಾಲೆ ನಿಂದರಲೇನು?"

"ನೀ ಏನ್ ಬಾರಸ್ತೀ?"

"ಕೈ ತೋರಸ್ತೀನಿ."

ಅನಿರುದ್ಧ ನಕ್ಕುಬಿಟ್ಟ. "ಹುಚ್ಚೀ, ಅಲ್ಲೆ ಗಾಡಿ ಎಲ್ಲಿಂದ ಬರಬೇಕು? ನೀ ಅವ್ವನ ಜೋಡಿ ಮುಂದ ಕೂತು ಚಪ್ಪಾಳಿ ಹೊಡಿ. ಅಷ್ಟ ಸಾಕು."

ಪ್ರಫುಲ್ಲನೂ ನಕ್ಕ. ತುಂಗಾ ಕಿಟಕಿಗೆ ಹೋಗಿ ನಿಂತಳು. ರೈಲು ಇಲ್ಲದ ಕಡೆ ತಾನು ಯಾರಿಗೂ ಬೇಡ! ಅವತ್ತು ಅವ್ವ ಮಾಡಿದ ಕಡಲೆಹಿಟ್ಟಿನ ಜುಣಕವೂ ಅವಳಿಗೆ ರುಚಿಸಲಿಲ್ಲ.

ಮರುದಿನ ಕಾಲೇಜಿನ ಹಾಲ್ ಕಿಕ್ಕಿರಿದು ತುಂಬಿತ್ತು. 'ಔಟರ್ ಸಿಗ್ನಲ್' ಸ್ಟೇಜಿಗೆ ಬಂತು. ಅಣ್ಣನ ಕರೀ ಅಂಗಿಯ ಗುಂಡಿ ಹಚ್ಚಿಕೊಟ್ಟವಳು ಅವ್ವನೇ. ಈಗ ಅವಳು ತುಂಗಾಳ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಹಾಡು ಶುರುವಾಯಿತು. ಮೊದಲನೇ ಚರಣಕ್ಕೇ ಹುಡುಗರು ತಲೆ ಆಡಿಸತೊಡಗಿದರು. ಎರಡನೇ ಚರಣವೂ ಮುಗಿಯಿತು.

ಮೂವರೂ ಗಪ್ಪಾಗಿ ನಿಂತುಬಿಟ್ಟರು.

ದಿನಾ ನಿಲ್ಲುವ ರೂಢಿ, ಕೈ ತಾನೇ ನಿಂತಿತ್ತು. ಪ್ರಫುಲ್ಲನ ಕೋಲು ಗಾಳಿಯಲ್ಲೇ ಇತ್ತು. ಅನಿರುದ್ಧ ಎಡಕ್ಕೆ ತಿರುಗಿ ನೋಡಿದ. ಮನೆಯಲ್ಲಾದರೆ ಅಲ್ಲಿ ಕಿಟಕಿ ಇರುತ್ತಿತ್ತು. ಇಲ್ಲಿ ಬರೀ ಪರದೆ.

"ಭೂಲ್ ಗಯಾ ರೇ, ಭೂಲ್ ಗಯಾ!" ಎಂದು, ಹಾಡು ಮರೆತೇಬಿಟ್ಟರೆಂದು, ಹಿಂದಿನಿಂದ ಯಾರೋ ಕೂಗಿದರು. ಒಬ್ಬ ಸೀಟಿ ಹೊಡೆದ. ಅಣ್ಣನ ಮುಖ ಬಿಳಿಚಿಕೊಂಡಿತು. ಯಾರು ಮೊದಲು ಶುರು ಮಾಡಬೇಕೆಂದು ಮೂವರಿಗೂ ತಿಳಿಯಲಿಲ್ಲ.

ಅಯ್ಯೋ, ಎಲ್ಲ ಹೋಯಿತು! ಮರುಗಳಿಗೆಗೆ ತುಂಗಾ ಕುರ್ಚಿ ಹತ್ತಿ ನಿಂತು ಕೈ ಮೇಲೆತ್ತಿದಳು.

"ಇಳಿ, ಬೀಳ್ತಿ!" ಎಂದು ಅವ್ವ ಲಂಗ ಹಿಡಿದು ಎಳೆದಳು. ತುಂಗಾ ಅಲುಗಲಿಲ್ಲ. ಅನಿರುದ್ಧ ಅವಳನ್ನು ಕಂಡ. ನೌಶಾದ್ ಕಂಡ. ಪ್ರಫುಲ್ಲನೂ ಕಂಡ.

ಅವಳು ಅವಸರ ಮಾಡಲಿಲ್ಲ. ಮನಸ್ಸಿನಲ್ಲೇ ಗಾಡಿ ಬಿಟ್ಟಳು. ಒಂದೊಂದೇ ಡಬ್ಬಿ ದಾಟಿತು. ಸ್ಟೇಜಿನ ಮೇಲಿನವರು ಹೀಗೆ ಎತ್ತ ನೋಡುತ್ತಿದ್ದಾರೆಂದು ಜನರೂ ಮಾತು ನಿಲ್ಲಿಸಿ ಕಾದರು. ಗಾರ್ಡ್ ಕಾಕಾ ಬಂದರು. ಬೇವಿನ ಮರ ಬಂತು.

ತುಂಗಾ ಕೈ ಇಳಿಸಿದಳು.

ಢಣ್!

ಇಡೀ ಹಾಲ್ ಹೋ ಎಂದಿತು! ಹಾಡೇ ಹೀಗೆ ಇದೆ ಎಂದುಕೊಂಡರು ಜನ.

ಫಸ್ಟ್ ಪ್ರೈಜ್ ಅವರಿಗೇ ಬಂತು. ಮೈಕಿನಲ್ಲಿ ಬ್ಯಾಂಡಿನವರ ಹೆಸರು ಕೂಗಿದರು. ಮೂರೇ ಹೆಸರು. ತುಂಗಾ ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದಳು. ಆಮೇಲೆ ಎಲ್ಲರ ಜೊತೆ ತಾನೂ ಚಪ್ಪಾಳೆ ಹೊಡೆದಳು.

ಬೇಸಿಗೆ ರಜೆ ಮುಗಿಯುವ ಮೊದಲೇ ಅಣ್ಣ ಗೆಳೆಯರ ಜೊತೆ ಮುಂಬೈಗೆ ಹೊರಟ. ಅದೇ ಗಾಡಿ. ಸ್ಟೇಷನ್ನಿಗೆ ಬರುವುದಿಲ್ಲವೆಂದು ತುಂಗಾ ಹಟ ಮಾಡಿ ಕಿಟಕಿಯಲ್ಲೇ ನಿಂತಳು. ಗಾಡಿ ಬಂದಾಗ ಅಣ್ಣ ಬಾಗಿಲಲ್ಲಿ ನಿಂತು "ತುಂಗೀ!" ಎಂದು ಕೂಗಿದ. ಅವಳು ಕೈ ಎತ್ತಿದಳು. ಕೊನೇ ಡಬ್ಬಿಯೂ ಬೇವಿನ ಮರ ದಾಟಿ ಹೋಯಿತು. ಕೈ ಇಳಿಸಲು ಮನಸ್ಸೇ ಬರಲಿಲ್ಲ. ಇಳಿಸಿದರೂ ಹಿಂದಿನಿಂದ ಗಿಟಾರ್ ಕೇಳುವುದಿಲ್ಲವಲ್ಲ.

"ಮನಿ ಬಣಬಣ ಅನ್ನಾಕತ್ತೈತಿ" ಎಂದಳು ಅವ್ವ. ಗದ್ದಲ ಗದ್ದಲ ಎಂದು ದಿನಾ ಬೈಯುತ್ತಿದ್ದವಳು ಅವಳೇ!

ಮಳೆಗಾಲ ಹೋಯಿತು, ಕಿತ್ತಳೆ ಹಣ್ಣಿನ ತಳ್ಳುಗಾಡಿಗಳು ಓಣಿಗೆ ಬಂದವು. ತುಂಗಾ ಸಂಜೆಯ ಗಾಡಿ ಬಂದಾಗ ಕಿಟಕಿಗೆ ಹೋಗುವುದನ್ನೇ ಬಿಟ್ಟಿದ್ದಳು. ಒಂದು ದಿನ ಪಕ್ಕದ ಮನೆಗೆ ಅಣ್ಣನ ಫೋನ್ ಬಂತು.

"ಅವ್ವಾ, ಇವತ್ತ ಸಂಜಿಮುಂದ ರೇಡಿಯೋ ಹಚ್ಚು. ನಮ್ಮ ಹಾಡು ಬರತೈತಿ. ತುಂಗೀಗೆ ತಪ್ಪದ ಕೇಳಂತ ಹೇಳು."

ಅಪ್ಪ ರೇಡಿಯೋವನ್ನು ಮೇಜಿನ ನಡುವೆ ಇಟ್ಟರು. ಅವ್ವ ಒಲೆ ಆರಿಸಿ ಬಂದು ಕುಳಿತಳು. ಅಣ್ಣನ ದನಿ ಬಂತು, ಪ್ರಫುಲ್ಲನ ಡ್ರಮ್ಮು ಬಂತು. ಮೊದಲನೇ ಚರಣ, ಎರಡನೇ ಚರಣ.

ಹಾಡು ನಿಂತಿತು.

"ಅಯ್ಯ, ಬಂದ್ ಆತಲ್ಲ ಇದು!" ಎಂದು ಅವ್ವ ರೇಡಿಯೋದ ತಲೆಗೆ ಬಡಿಯಲು ಎದ್ದಳು.

"ಮುಟ್ಟಬ್ಯಾಡವ್ವಾ!" ತುಂಗಾಳ ಕೈ ಆಗಲೇ ಮೇಲೆ ಹೋಗಿತ್ತು. "ಗಾಡಿ ಹೊಂಟೈತಿ."

ಮುಂಬೈಯ ಆ ಸ್ಟುಡಿಯೋದಲ್ಲಿ ಕಿಟಕಿ ಇಲ್ಲ, ಹಳಿ ಇಲ್ಲ, ಬೇವಿನ ಮರವೂ ಇಲ್ಲ. ಆದರೂ ಅಣ್ಣ ಅಲ್ಲಿ ನಿಂತಿದ್ದ. ಯಾರ ಕೈ ಇಳಿಯಲೆಂದು ನಿಂತಿದ್ದನೋ ಅದು ತುಂಗಾಳಿಗೆ ಗೊತ್ತಿತ್ತು. ಅವಳ ಕಣ್ಣು ತುಂಬಿ ಬಂದವು.

ಕೊನೇ ಡಬ್ಬಿ ದಾಟಿತು. ಅವಳು ಕೈ ಇಳಿಸಿದಳು.

ಢಣ್ ಎಂದು ಹಾಡು ಶುರುವಾಯಿತು.